ಕಾಲು ನೆಲಕ್ಕೆ ಮುಟ್ಟುವ ಗಾಡಿ

ನಿಶ್ಚಯದ ದಿನ ಬೀಗರು ಬಾಯಿಬಿಟ್ಟು ಏನನ್ನೂ ಕೇಳಲಿಲ್ಲ. ಅದೇ ಅವರು ಕೇಳುವ ರೀತಿ.

"ನಮಗೇನೂ ಬ್ಯಾಡ್ರಿ ಶಂಕ್ರೆಪ್ಪನವರ," ಎಂದರು ಸಿಂದಗಿಯ ಬಸಂತರಾಯರು, ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತ. "ಹುಡುಗಗ ಸಾಲಿ ದೂರ ಐತಿ. ದಿನಾ ಬಸ್ಸಿನಾಗ ನಿಂತು ಹೋಗ್ತಾನ. ಸರಕಾರಿ ಮಾಸ್ತರ ಬಸ್ಸಿನಾಗ ಜೋತಾಡಕೋತ ಹೋಗೋದು ನಮಗೂ ಶೋಭಾ ಅಲ್ಲ, ನಾಳೆ ನಿಮಗೂ ಅಲ್ಲ. ಅಷ್ಟಽ ಮಾತು."

ಶಂಕ್ರೆಪ್ಪ ತಲೆಯಾಡಿಸಿದ. ಲಚ್ಯಾಣದ ಆಚೆ ಅವನಿಗೆ ಲಿಂಬೆ ತೋಟವಿತ್ತು. ಮನೆಯಲ್ಲಿ ಹೆಂಡತಿ ಹೊನ್ನವ್ವ, ಮಗಳು ಸುಜಾತಾ, ಅವಳಿಗಿಂತ ಎರಡು ವರ್ಷ ಚಿಕ್ಕವನಾದ ಮಗ ಮುತ್ತು. ಸುಜಾತಾಳನ್ನು ಒಪ್ಪಿಕೊಂಡವನು ಬಸಂತರಾಯರ ಮಗ ಶ್ರೀಶೈಲ, ಪ್ರಾಥಮಿಕ ಶಾಲೆಯ ಮಾಸ್ತರ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಊಟದ ಹೊತ್ತಿನಲ್ಲಿ ಅವನು ಮುತ್ತುವಿನ ಕೈಯನ್ನೇ ನೋಡುತ್ತಿದ್ದ. ಉಗುರಿನ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಕರಿ ಎಣ್ಣೆ ಇತ್ತು.

"ಎಷ್ಟನೇತ್ತಿ ಕಲ್ತಿ?"

"ಎಂಟನೇತ್ತಿ ಬಿಟ್ಟೇನ್ರಿ ಮಾವಾ."

"ಹೂಂ," ಎಂದ ಶ್ರೀಶೈಲ. ಶಾಲೆಯಲ್ಲಿ ದಡ್ಡ ಹುಡುಗನ ಪಾಟಿ ನೋಡಿ ಅನ್ನುವ ಹೂಂ ಅದು.

ಮುತ್ತು ಇಂಡಿಯ ನಬಿಸಾಬನ ಗ್ಯಾರೇಜಿನಲ್ಲಿ ಮೂರು ವರ್ಷದಿಂದ ಕೆಲಸಕ್ಕಿದ್ದ. ಸುತ್ತಿನ ಹಳ್ಳಿಗಳ ಗಾಡಿಯೆಲ್ಲ ಅವನ ಕೈಯಲ್ಲಿ ಬಿಚ್ಚಿ ಕೂಡುತ್ತಿದ್ದವು. ರಿಪೇರಿಯಾದ ಗಾಡಿಯನ್ನು ರೈಲ್ವೆ ಗೇಟಿನತನಕ ಓಡಿಸಿ ನೋಡಿ ಮಾಲೀಕನಿಗೆ ಒಪ್ಪಿಸುವವನು ಅವನೇ. ತನ್ನದು ಅನ್ನುವ ಗಾಡಿ ಮಾತ್ರ ಇರಲಿಲ್ಲ. ಕೇಳಿದಾಗೆಲ್ಲ ಶಂಕ್ರೆಪ್ಪ, "ಅಕ್ಕನ ಲಗ್ನ ಆಗ್ಲಿ" ಎನ್ನುತ್ತಿದ್ದ.

ಬೀಗರು ಹೋದ ಮೇಲೆ ಸಂಜೆ ರೊಟ್ಟಿಗೆ ಕೂತಾಗ ಶಂಕ್ರೆಪ್ಪ ಮಗನ ಕಡೆ ತಿರುಗಿದ. "ದಿನಾ ಗಾಡಿಯಾಗಽ ಬಿದ್ದು ಹೊಳ್ಳಾಡಾಂವ ನೀ. ಯಾವುದು ತರೋಣು ಹೇಳು."

"ಅವರು ಮೊದಲು ಓಡಿಸ್ಯಾರೇನು?"

"ಸೈಕಲ್ ಓಡಿಸ್ಯಾರಂತ."

"ಹಂಗಾರ ಹಗೂರ ಗಾಡಿ ಬೇಕು. ನೂರು ಸಿಸಿದು. ಕುಂತ್ರ ಎರಡೂ ಕಾಲು ನೆಲಕ್ಕ ಮುಟ್ಟಬೇಕು. ತುದಿಬೆರಳು ಅಲ್ಲ, ಹಿಮ್ಮಡ. ಹೊಸಬಾಂವ ಹೆದರಿದ್ರ ಬ್ರೇಕ್ ನೆನಪಾಗಾಂಗಿಲ್ಲಪ್ಪಾ, ಕಾಲು ಇಡ್ತಾನ. ಕಾಲಿಗೆ ನೆಲ ಸಿಗಲಿಲ್ಲಂದ್ರ ಗಾಡಿ ಮೈಮ್ಯಾಲ ಬರ್ತೈತಿ. ಖರೇ ಹೇಳ್ಬೇಕಂದ್ರ ಮೊದಲ ವರ್ಷ ಯಾವುದರ ಹಳೇ ಗಾಡಿ ತಗೊಂಡು ಬಿದ್ದು ಎದ್ದು ಕಲೀಬೇಕು."

"ಅಳಿಯಗ ಹಳೇ ಗಾಡಿ ಕೊಡ್ತಾರೇನೋ ಹುಚ್ಚಪ್ಯಾಲಿ?" ಎಂದಳು ಹೊನ್ನವ್ವ. "ಮಂದಿ ಮಾರಿ ಮ್ಯಾಲ ಉಗುಳ್ತಾರ."

"ಕಲ್ಯಾಕ ಬರದಿದ್ರ ಬಸ್ಸಿಗಽ ಹೋಗ್ಲಿ ಬಿಡವ್ವಾ," ಎಂದಳು ಸುಜಾತಾ ಒಲೆಯ ಮುಂದಿನಿಂದ. "ಬಸ್ಸಿನಾಗ ಹೋಗೋರಿಗೆಲ್ಲ ಏನು ರೋಗ ಬಂದೈತಿ?"

"ನಿನ್ನ ಲಕ್ಷ್ಯ ಹಂಚಿನ ಮ್ಯಾಲ ಇರ್ಲಿ. ರೊಟ್ಟಿ ಹೊತ್ತಾಕತ್ತೈತಿ."

ಮುಂದಿನ ವಾರ ಅಪ್ಪ ಮಗ ಇಬ್ಬರೂ ಬಿಜಾಪುರದ ಶೋರೂಮಿಗೆ ಹೋದರು. ಶ್ರೀಶೈಲ ಸಿಂದಗಿಯಿಂದ ನೇರವಾಗಿ ಬಂದಿದ್ದ. ಆಗ ಪಲ್ಸರ್ ಗಾಡಿ ಹೊಸದಾಗಿ ಬಂದಿತ್ತು. ಬಿಜಾಪುರದ ಹುಡುಗರೆಲ್ಲ ಅದರ ಗುಂಗಿನಲ್ಲಿದ್ದರು. ಶ್ರೀಶೈಲನೂ ಅಲ್ಲೇ ಹೋಗಿ ನಿಂತ. ಹತ್ತಿ ಕೂತ. ಬೆರಳ ತುದಿಯಷ್ಟೇ ನೆಲಕ್ಕೆ ತಾಗಿತು. ಸ್ಟ್ಯಾಂಡ್ ತೆಗೆದಿದ್ದೇ ತಡ ಗಾಡಿ ಎಡಕ್ಕೆ ವಾಲಿತು. ಅಂಗಡಿಯ ಹುಡುಗ ಓಡಿಬಂದು ಹಿಡಿಯದಿದ್ದರೆ ಸಾಲಿನ ಗಾಡಿಗಳೆಲ್ಲ ಒಂದರ ಮೇಲೊಂದು ಉರುಳುತ್ತಿದ್ದವು.

"ಇದು ಈಗಽ ಬ್ಯಾಡ್ರಿ ಮಾವಾ," ಎಂದ ಮುತ್ತು. "ಭಾಳ ಒಜ್ಜಿ. ಒಂದೆರಡು ವರ್ಷ ಸಣ್ಣದು ಓಡಿಸ್ರಿ. ಕೈ ಕುಂತ ಮ್ಯಾಲ ಇದೇನು, ಇದರಪ್ಪನ್ನೂ ಓಡಿಸಬಹುದು."

"ಗಾಡಿ ಯಾರಿಗೆ, ನಿನಗೋ ನನಗೋ?"

ಶಂಕ್ರೆಪ್ಪ ಬೆಲೆ ಕೇಳಿದ. ಕೇಳಿದ ಮೇಲೆ ಅವನಿಗೂ ಮಗನ ಮಾತೇ ಸರಿ ಕಂಡಿತು. ಕರಿ ಬಣ್ಣದ ನೂರು ಸಿಸಿ ಗಾಡಿ ತೆಗೆದುಕೊಂಡರು. ಮುತ್ತು ಸೀರೆಗಾರ್ಡ್, ಕಾಲಿಡುವ ಪಟ್ಟಿ ಎಲ್ಲ ಕೂಡಿಸಿಕೊಟ್ಟ. ಶ್ರೀಶೈಲ ಗಾಡಿಗೆ ಒಂದು ಸುತ್ತು ಬಂದು, "ಹಾಲು ಮಾರೋರ ಗಾಡಿ" ಎಂದ. ಮೆಲ್ಲಗೇ ಅಂದ, ಆದರೆ ಶಂಕ್ರೆಪ್ಪನ ಕಿವಿಗೆ ಬೀಳುವಷ್ಟು.

ಲಗ್ನ ಬೇಸಿಗೆಯ ಕೊನೆಗಿತ್ತು. ಅಷ್ಟರಲ್ಲಿ ಮಾಸ್ತರ ಗಾಡಿ ಕಲಿಯಬೇಕು. ಸಿಂದಗಿಯಲ್ಲಿ ಕಲಿಯಲು ಹೋಗಿ ಬಿದ್ದರೆ ಶಾಲೆಯ ಹುಡುಗರು ನಗುತ್ತಾರೆ. ಆದ್ದರಿಂದ ರವಿವಾರಕ್ಕೊಮ್ಮೆ ಲಚ್ಯಾಣಕ್ಕೆ ಬಂದು ಮುತ್ತುವಿನ ಹತ್ತಿರ ಕಲಿಯುವುದೆಂದು ಹಿರಿಯರು ಮಾತಾಡಿಕೊಂಡರು. ಲಗ್ನಕ್ಕೆ ಮುಂಚೆ ಅಳಿಯ ಹೀಗೆ ಮನೆಗೆ ಬಂದುಹೋಗುವುದು ರೂಢಿಯಲ್ಲ. ಗಾಡಿಯ ನೆವದಿಂದ ರೂಢಿ ಸಡಿಲವಾಯಿತು. ಹೊನ್ನವ್ವ ರವಿವಾರ ಬಂತೆಂದರೆ ಬೆಳಿಗ್ಗೆಯೇ ಎದ್ದು ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಹಿಂಡಿ, ಕರಿಗಡಬು ಎಂದು ಒಲೆ ಬಿಟ್ಟು ಏಳುತ್ತಿರಲಿಲ್ಲ. ಸುಜಾತಾ ಪಡಸಾಲೆಗೆ ಬರುವಂತಿರಲಿಲ್ಲ. ಅಡುಗೆ ಮನೆಯ ಬಾಗಿಲ ಸಂದಿಯಿಂದ ಬಿಳಿ ಅಂಗಿಯ ಬೆನ್ನು ಕಾಣುತ್ತಿತ್ತು, ಅಷ್ಟೇ.

ಮೊದಲ ರವಿವಾರ ಮಠದ ಹಿಂದಿನ ಬಯಲಿನಲ್ಲಿ ಗಾಡಿ ಹತ್ತು ಸಲ ಬಂದ್ ಬಿತ್ತು.

"ಕ್ಲಚ್ ಒಮ್ಮೆಲೆ ಬಿಡಬ್ಯಾಡ್ರಿ ಮಾವಾ. ಬೆಲ್ಲದ ಪಾಕ ಎಳಿ ಬಂದೈತೇನು ಅಂತ ಬೆರಳಾಗ ಹಿಡಿದು ನೋಡ್ತಾರಲ್ಲ, ಹಂಗ ಮೆಲ್ಲಕ."

"ನನಗ ಪಾಠಾ ಹೇಳಬ್ಯಾಡ. ಕ್ಲಚ್ಚಽ ಸರಿ ಇಲ್ಲ."

ಕ್ಲಚ್ ಸರಿಯಿತ್ತು. ಸಂಜೆಯ ಹೊತ್ತಿಗೆ ಗಾಡಿ ಒಂದು ಕಡೆ ಉರುಳಿತು. ಶ್ರೀಶೈಲ ಎದ್ದ, ಅಂಗಿ ಕೊಡವಿಕೊಂಡ, ಬಿದ್ದ ಗಾಡಿಯ ಟ್ಯಾಂಕಿಗೆ ಬೂಟುಗಾಲಿನಿಂದ ಒದ್ದ. ಒಮ್ಮೆ ಅಲ್ಲ. ಮುತ್ತು ನೋಡುತ್ತ ನಿಂತ. ತನ್ನ ಮೂರು ವರ್ಷದ ಕೆಲಸದಲ್ಲಿ ಅವನು ಗಾಡಿಗೆ ಬೈದವರನ್ನು ನೋಡಿದ್ದ. ಬಿದ್ದ ಗಾಡಿಯನ್ನು ಒದ್ದವರನ್ನು ನೋಡಿರಲಿಲ್ಲ.

ಮುತ್ತು ಶ್ರೀಶೈಲನನ್ನು ಬಸ್ಸಿಗೆ ಹತ್ತಿಸಿ ಬಂದ ಮೇಲೆ ಸುಜಾತಾ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಕೇಳಿದಳು: "ಹೆಂಗದಾರೋ?"

"ಗಾಡಿ ಓಡಿಸೋದು ಕೇಳ್ತಿಯೋ, ಮನಶಾನ ಕೇಳ್ತಿಯೋ?"

"ಎರಡೂ ಹೇಳು."

"ಓಡಿಸೋದು ಕಲೀತಾರ. ಎಲ್ಲಾರೂ ಕಲೀತಾರ." ಮುತ್ತು ಅಲ್ಲೇ ನಿಲ್ಲಿಸಿದ್ದ ಗಾಡಿಯ ಟ್ಯಾಂಕಿನ ತಗ್ಗನ್ನು ಹೆಬ್ಬೆರಳಿನಿಂದ ಸವರಿದ. "ತಾ ಬಿದ್ರ ಗಾಡೀನ ಒದೀತಾರ."

ಸುಜಾತಾ ತಿಕ್ಕುವುದನ್ನು ನಿಲ್ಲಿಸಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಬೂದಿ ತೆಗೆದುಕೊಂಡಳು.

ಎರಡನೆಯ ರವಿವಾರ ಗಾಡಿ ನೆಟ್ಟಗೆ ಹೋಗತೊಡಗಿತು. ನೆಟ್ಟಗೆ ಎಷ್ಟೆಂದರೆ, ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಯ ಕಟ್ಟೆಗೇ ಗುರಿಯಿಟ್ಟಿತು. ಹೆದರಿದ ಶ್ರೀಶೈಲ ಬ್ರೇಕ್ ಬಿಟ್ಟು ಆಕ್ಸಲೇಟರ್ ತಿರುವಿ ಹಿಡಿದ. ಹಿಂದೆ ಕೂತಿದ್ದ ಮುತ್ತು ಅವನ ಕಂಕುಳ ಕೆಳಗಿನಿಂದ ಕೈ ಹಾಕಿ ಚಾವಿ ತಿರುವಿಬಿಟ್ಟ. ಗಾಡಿ ಕಟ್ಟೆಯಿಂದ ಮೊಳದಷ್ಟು ಈಚೆ ನಿಂತಿತು.

ಚಹಾ ಕುಡಿಯುತ್ತಿದ್ದವರು ನಕ್ಕರು. "ಮಾಸ್ತರ, ಗಾಡಿ ಮುಂದಿನಾಂವ ಓಡಸ್ತಾನೋ ಹಿಂದಿನಾಂವ ಓಡಸ್ತಾನೋ?" ಎಂದ ಒಬ್ಬ. "ಬೀಗರ ಮನ್ಯಾಗ ಹಂಗಽ. ಕುಂದ್ರೋದು ಅಳಿಯ, ಜಗ್ಗೋದು ಎತ್ತು," ಎಂದ ಇನ್ನೊಬ್ಬ.

ಶ್ರೀಶೈಲ ಆ ದಿನ ಊಟ ಮಾಡಲಿಲ್ಲ. ಎಣ್ಣೆಗಾಯಿ ಹಾಕಿದ ತಾಟು ಹಾಗೇ ಬಿಟ್ಟು, "ಹೊಟ್ಟಿ ಸರಿ ಇಲ್ಲ" ಎಂದು ಬಸ್ಸು ಹತ್ತಿದ. ಮರುದಿನ ಪಕ್ಕದ ಮನೆಯ ಫೋನಿಗೆ ಬಸಂತರಾಯರ ಮಾತು ಬಂತು. ಶಂಕ್ರೆಪ್ಪ ಹೋಗಿ ಕೇಳಿಸಿಕೊಂಡು ಬಂದ. ಹೊನ್ನವ್ವ ಗ್ಯಾರೇಜಿನಿಂದ ಬಂದ ಮಗನನ್ನು ಅಂಗಳದಲ್ಲೇ ಹಿಡಿದಳು.

"ನಾಕು ಮಂದಿ ಮುಂದ ಅಳಿಯನ ಕೈಯಾಗಿಂದ ಚಾವಿ ಕಸಗೊಂತಿ? ನಿನಗ ಬುದ್ಧಿ ಐತಿಲ್ಲೋ?"

"ಕಸಗೊಂಡಿಲ್ಲವ್ವಾ, ಬಂದ್ ಮಾಡೀನಿ. ಇಲ್ಲಂದ್ರ ಕಟ್ಟಿಗೆ ಹೋಗಿ ಬಡೀತಿದ್ವಿ."

"ಬಡಿದ್ರ ಬಡೀಲಿ! ಗಾಡಿ ಅವರದು. ಹಿಂದ ಕುಂತು ಬಾಯಿಲೆ ಹೇಳು, ಕೈ ಹಚ್ಚಬ್ಯಾಡ. ನನ್ನ ಆಣಿ ಐತಿ ನೋಡು, ಇನ್ನ ಮ್ಯಾಲ ಅವರು ಓಡಿಸೋವಾಗ ನಿನ್ನ ಕೈ ಮುಂದ ಹೋಗಬಾರದು."

"ತಾಯಿ ಆಣಿ ಹಾಕೋ ಮಾತೇನವ್ವಾ ಇದು?"

"ಹೂಂ, ಆಣಿ ಹಾಕೋ ಮಾತಽ. ಹೆಣ್ಣು ಕೊಟ್ಟೋರಿಗೆ ಎಲ್ಲಾ ಆಣಿ ಮಾತಽ."

ಮೂರನೆಯ ರವಿವಾರ ಬಯಲು ಸಾಕೆಂದು ಶ್ರೀಶೈಲ ತಾನೇ ಸ್ಟೇಷನ್ ರಸ್ತೆಗೆ ಇಳಿದ. "ಇನ್ನೊಂದೆರಡು ವಾರ ಬಯಲಾಗಽ ಓಡಿಸೋಣ್ರಿ" ಎಂದರೆ ಕೇಳಲಿಲ್ಲ. ಗೇರ್ ಮೇಲೆ ಗೇರ್ ಹಾಕಿದ. ಬಿಸಿಲು ಇಳಿಯುವ ಹೊತ್ತು. ಕಾಶಿಬಾಯಿ ತನ್ನ ಕುರಿಗಳನ್ನು ರಸ್ತೆ ದಾಟಿಸುತ್ತಿದ್ದಳು. ಗಂಡ ಸತ್ತ ಮೇಲೆ ಆ ಕುರಿಗಳ ಹಿಂದೆಯೇ ತಿರುಗಿ ಬದುಕಿದವಳು.

"ಕ್ಲಚ್ ಹಿಡೀರಿ ಮಾವಾ. ಬ್ರೇಕ್... ಮಾವಾ, ಬ್ರೇಕ್!"

ಶ್ರೀಶೈಲ ಎರಡೂ ಕಾಲು ಅಗಲಿಸಿ ನೆಲಕ್ಕೆ ಚಾಚಿದ. ಬಲಗೈ ಆಕ್ಸಲೇಟರನ್ನು ಬಿಗಿಯಾಗಿ ತಿರುವಿತು. ಮುತ್ತುವಿನ ಕೈ ಅವನ ಕಂಕುಳ ಕೆಳಗಿನಿಂದ ಚಾವಿಯ ಕಡೆ ಹೋಯಿತು. ತಾಯಿಯ ಆಣೆ ನೆನಪಾಯಿತು. ಕೈ ಅರ್ಧದಲ್ಲಿ ನಿಂತಿತು. ನಿಂತದ್ದು ಒಂದು ಉಸಿರಿನಷ್ಟು ಹೊತ್ತು. ಅಷ್ಟರೊಳಗೆ ಕುರಿಗಳು ಎರಡು ಪಾಲಾಗಿ ಓಡಿ, ನಡುವೆ ಕಾಶಿಬಾಯಿ ಒಬ್ಬಳೇ ಉಳಿದಿದ್ದಳು.

ಲಿಂಬೆ ಚೀಲ ಹೇರಿಕೊಂಡು ಬರುತ್ತಿದ್ದ ಟ್ರ್ಯಾಕ್ಟರಿನವರು ಇಳಿದು ಓಡಿಬಂದರು. ಮುತ್ತು ಕಾಶಿಬಾಯಿಯ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ತನ್ನ ಅಂಗಿಯಿಂದ ಸುತ್ತುತ್ತಿದ್ದ. ಹಿಮ್ಮಡದ ಮೇಲೆ ಎಲುಬು ಹೊರಗೆ ಬಂದಿತ್ತು. ಶ್ರೀಶೈಲ ಮೊಣಕೈಯ ಮಣ್ಣು ಒರೆಸಿಕೊಂಡು ಎದ್ದು ನಿಂತ. ಅವನ ಬಾಯಿಂದ ಬಂದ ಮೊದಲ ಮಾತು ಇದು:

"ಮೆಲ್ಲಕ ಓಡಸೋ ಅಂತ ಇವಗ ಎಷ್ಟು ಬಡಕೊಂಡೆ."

ಮುತ್ತು ತಲೆಯೆತ್ತಿದ. ಕಾಶಿಬಾಯಿಯೂ ತಲೆಯೆತ್ತಿ ಬಿಳಿ ಅಂಗಿಯವನನ್ನು ನೋಡಿದಳು. ನೋವಿನಿಂದ ಅವಳ ಬಾಯಿ ತೆರೆದಿತ್ತು, ಮಾತು ಬರಲಿಲ್ಲ. ಟ್ರ್ಯಾಕ್ಟರಿನವರು ಮುತ್ತುವಿಗೆ ಬೈದರು. ಗ್ಯಾರೇಜಿನ ಹುಡುಗರ ಸೊಕ್ಕು ಅಂದರು.

ಆ ರಾತ್ರಿ ಬಸಂತರಾಯರು ಬಾಡಿಗೆ ಜೀಪು ಮಾಡಿಕೊಂಡು ಬಂದರು. ಚಹಾ ಮುಟ್ಟಲಿಲ್ಲ.

"ಸರಕಾರಿ ನೌಕರಿ ಶಂಕ್ರೆಪ್ಪನವರ. ಲೈಸನ್ಸ್ ಇನ್ನೂ ಆಗಿಲ್ಲ. ಕೇಸ್ ಆತಂದ್ರ ಹುಡುಗ ಮನ್ಯಾಗ ಕುಂದ್ರತಾನ. ಮನ್ಯಾಗ ಕುಂತ ಗಂಡಗ ನಿಮ್ಮ ಮಗಳು ಏನು ಹಾಕ್ತಾಳ್ರಿ?"

"ಓಡಿಸಿದಾಂವ ನಾನಲ್ಲ," ಎಂದ ಮುತ್ತು.

"ಅಲ್ಲಂತ ಯಾರಂದ್ರು?" ಬಸಂತರಾಯರು ಅವನ ಹೆಗಲ ಮೇಲೆ ಕೈಯಿಟ್ಟರು. "ನಿನಗೇನಪ್ಪಾ, ನೌಕರಿ ಹೋಗೂದೈತೋ, ಬಡ್ತಿ ನಿಲ್ಲೂದೈತೋ? ಗಾಡಿ ಕೆಲಸದಾಂವ ಬಿದ್ದಾ ಅಂದ್ರ ಊರಾಗ ಯಾರೂ ಏನೂ ಅನ್ನಾಂಗಿಲ್ಲ."

ಎಂಟನೆಯ ಇಯತ್ತೆ ಬಿಟ್ಟವನಿಗೆ ಮರ್ಯಾದೆಯೂ ಅಷ್ಟೇ ಇಯತ್ತೆಯದು ಎಂದು ಅವರು ತಿಳಿದಿದ್ದರು. ಶಂಕ್ರೆಪ್ಪ ಮಗನ ಮುಖ ನೋಡಲಿಲ್ಲ. ಹೊನ್ನವ್ವ ಮಾತ್ರ ನೋಡಿದಳು. "ಅಕ್ಕನ ಬಾಳೇವು ತಮ್ಮಾ," ಎಂದಳು.

ಮರುದಿನ ಊರ ಕಟ್ಟೆಯ ಮೇಲೆ ಹಿರಿಯರು ಕೂಡಿದಾಗ ಮುತ್ತು, "ನಾನಽ ಓಡಿಸಿದ್ದೆ" ಎಂದ. ದವಾಖಾನೆಯ ಖರ್ಚು ಶಂಕ್ರೆಪ್ಪನ ಮೇಲೆ ಬಂತು. ಕಂಪ್ಲೇಂಟ್ ಬೇಡವೆಂದು ಹಿರಿಯರೇ ಮುಗಿಸಿದರು.

ಆದರೆ ಕಾಶಿಬಾಯಿಯ ಬಾಯಿ ಇನ್ನೂ ಉಳಿದಿತ್ತು. ಹೊನ್ನವ್ವ ಜೋಳದ ನುಚ್ಚು, ಸಾರು ಡಬ್ಬಿಯಲ್ಲಿ ಹಾಕಿಕೊಂಡು ಮುತ್ತುವಿನ ಜೊತೆ ಇಂಡಿಯ ದವಾಖಾನೆಗೆ ಹೋದಳು. ಕಾಟಿನ ಪಕ್ಕದಲ್ಲಿ ಡಬ್ಬಿ ಇಟ್ಟಳು. ಎಂದೂ ಯಾರ ಮುಂದೆಯೂ ತಲೆ ತಗ್ಗಿಸದ ಹೆಂಗಸು ನೆಲದ ಮೇಲೆ ಮೊಣಕಾಲೂರಿ, ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಕಾಶಿಬಾಯಿಯ ಮುಂದೆ ಒಡ್ಡಿದಳು.

"ನನ್ನ ಮಗಳ ಬಾಳೇವು ಇದರಾಗ ಹಾಕಬೇ ಕಾಶೀಬಾಯಿ. ಯಾರು ಓಡಿಸಿದ್ರಂತ ನೀ ನೋಡೀದಿ. ನೋಡಿಲ್ಲ ಅನ್ನು."

ಹೆಂಗಸು ಹೆಂಗಸಿನ ಮುಂದೆ ಸೆರಗೊಡ್ಡಿದರೆ ಇಲ್ಲ ಅನ್ನುವಂತಿಲ್ಲ. ಕಾಶಿಬಾಯಿ ಹೊನ್ನವ್ವನ ಮೊಣಕೈ ಹಿಡಿದಳು.

"ಏಳ್ರೆವ್ವಾ. ಸೆರಗೊಡ್ಡಿದ ಮ್ಯಾಲ ಮಾತೇನೈತ್ರಿ? ಯಾರು ಓಡಿಸಿದ್ರೇನು, ಕಾಲು ನಂದು."

ಮುತ್ತು ಬಾಗಿಲಲ್ಲಿ ನಿಂತಿದ್ದ. ಹೊರಗೆ ಹೋಗಿ ಬೇವಿನ ಗಿಡಕ್ಕೆ ಗುದ್ದಿದ. ಗಿಡಕ್ಕೆ ಏನೂ ಆಗಲಿಲ್ಲ.

ಅಲ್ಲಿಗೆ ಮುಗಿಯಿತೆಂದು ಎಲ್ಲರೂ ಅಂದುಕೊಂಡಿದ್ದರು. ಹತ್ತು ಹದಿನೈದು ದಿನ ಬಿಟ್ಟು ಲಗ್ನದ ಬಟ್ಟೆ ಮಾತಾಡಲು ಬಂದ ಬಸಂತರಾಯರು ಅಂಗಳದಲ್ಲಿ ನಿಂತ ಗಾಡಿಯನ್ನು ನೋಡಿದರು. ಮುತ್ತು ಅದರ ಬಾಗಿದ ಹ್ಯಾಂಡಲ್ ಸರಿಮಾಡಿ, ಹೆಡ್‌ಲೈಟ್ ಬದಲಿಸಿ, ಟ್ಯಾಂಕಿನ ತಗ್ಗನ್ನೂ ಎಬ್ಬಿಸಿ ಹೊಸದರಂತೆ ಮಾಡಿದ್ದ.

"ಗಾಡಿ ಚೆಂದ ಮಾಡೀಯಪ್ಪಾ," ಎಂದರು. ಒಳಗೆ ಬಂದು ಕೂತ ಮೇಲೆ ಶಂಕ್ರೆಪ್ಪನಿಗೆ ಹೇಳಿದರು: "ಆದರ ನೋಡ್ರಿ, ನಿಮ್ಮ ಹುಡುಗ ಕೆಡವಿದ ಗಾಡಿ. ಹೆಣ್ಣುಮಗಳ ರಕ್ತ ಮೆತ್ತಿದ್ದು. ಇದರ ಮ್ಯಾಲ ಮದುಮಗ ಹೆಂಗ ಕುಂದ್ರಬೇಕ್ರಿ? ನಮ್ಮ ಮನ್ಯಾಗ ಹೆಂಗಸರು ಒಪ್ಪವಲ್ರು. ಶ್ರೀಶೈಲ ಅವತ್ತು ಶೋರೂಮಿನಾಗ ಒಂದು ನೋಡಿದ್ನಂತಲ್ಲ..."

ಮುತ್ತು ಕಂಬ ಬಿಟ್ಟು ಮುಂದೆ ಬಂದ. "ನಾ ಕೆಡವಿಲ್ಲ. ನಿಮ್ಮ ಮಗಾ ಕೆಡವ್ಯಾನ!"

ಬಸಂತರಾಯರು ಸಿಟ್ಟಾಗಲಿಲ್ಲ. "ಕಟ್ಟಿ ಮ್ಯಾಲ ಹಿರ್ಯಾರ ಮುಂದ ನೀನಽ ಒಪ್ಪಿಕೊಂಡೀ. ಈಗ ಅಲ್ಲಂದ್ರ, ನಿಮ್ಮ ಮನ್ಯಾಗ ಯಾವ ಮಾತು ಖರೇ ಅಂತ ನಂಬೋಣಪಾ?"

"ಗಪ್ಪ ಕುಂದ್ರು," ಎಂದ ಶಂಕ್ರೆಪ್ಪ ಮಗನಿಗೆ.

ಚಹಾದ ತಾಟು ಹಿಡಿದು ಬಾಗಿಲಲ್ಲಿದ್ದ ಸುಜಾತಾ ಎಲ್ಲ ಕೇಳಿಸಿಕೊಂಡಳು. ಅವಳಿಗೆ ಆ ತನಕ ಯಾರೂ ನಿಜ ಹೇಳಿರಲಿಲ್ಲ, ಮುತ್ತುವೂ ಹೇಳಿರಲಿಲ್ಲ. ಬೀಗರು ಹೋದ ಮೇಲೆ ಹಿಟ್ಟು ನಾದುತ್ತಿದ್ದ ಕೊಣಮಿಗೆಯನ್ನು ದೂರ ತಳ್ಳಿ ಎದ್ದಳು.

"ನಾ ಈ ಲಗ್ನ ಆಗಾಂಗಿಲ್ಲವ್ವಾ."

"ಏನಂದಿ?"

"ತಾ ಕೆಡವಿ, ಇವನ ಮ್ಯಾಲ ಹಾಕಿ, ಈಗ ಅದಽ ನೆವಾ ಮಾಡಿ ಇನ್ನೊಂದು ಗಾಡಿ ಕೇಳಾಕತ್ತಾನ. ಇಂಥಾ ಸುಳ್ಳಗ ನನ್ನ ಕೊಡ್ತೀರಿ?"

"ಸುಳ್ಳು ಹೇಳದ ಗಂಡಸನ್ನ ಎಲ್ಲಿಂದ ತರೋಣಬೇ?" ಹೊನ್ನವ್ವನ ದನಿ ಒಡೆಯಿತು. "ನಿನ್ನ ಸಲುವಾಗಿ ಕುರಿ ಕಾಯೋಳ ಮುಂದ ಸೆರಗೊಡ್ಡೀನಿ ನಾನು. ನಿಶ್ಚೆ ಮುರದ ಹುಡುಗಿ ಅಂದ್ರ ಯಾವ ಮನಿಯವರು ಬರ್ತಾರ? ಎರಡನೇ ಸಂಬಂಧದ ಮುದುಕರು ಬರ್ತಾರ. ಅವರೂ ಗಾಡಿ ಕೇಳ್ತಾರ!"

"ಅಪ್ಪಾ, ನೀ ಏನಂತಿ?"

ಶಂಕ್ರೆಪ್ಪ ಚಪ್ಪಲಿ ಮೆಟ್ಟಿಕೊಂಡು ತೋಟಕ್ಕೆ ಹೋದ. ಮರುವಾರ ಇನ್ನೂ ಹೂವು ಬಿಡದ ಮುಂದಿನ ಹಂಗಾಮಿನ ಲಿಂಬೆಯನ್ನು ವ್ಯಾಪಾರಿಗೆ ಗುತ್ತಿಗೆ ಕೊಟ್ಟು ಪಲ್ಸರ್ ತಂದ. ಅವನು ಅಂದದ್ದು ಅಷ್ಟೇ.

ಗಾಡಿ ಬಂದ ದಿನ ಮುತ್ತು ಅಕ್ಕನ ಹತ್ತಿರ ಹೋಗಿ ಕೂತ. "ನೀ ಹೂಂ ಅನ್ನು. ಕಟ್ಟಿ ಮ್ಯಾಲ ನಿಂತು ಖರೇ ಹೇಳಿಬಿಡ್ತೇನಿ. ಕಾಶಿಬಾಯಿನೂ ಕೂಗಸ್ತೇನಿ."

ಸುಜಾತಾ ಅಕ್ಕಿ ಹಸನು ಮಾಡುವುದನ್ನು ಬಿಡಲಿಲ್ಲ. "ಹೇಳೋ ದಿನಾ ಹೇಳಲಿಲ್ಲ ನೀ. ಅವ್ವ ಬಾಳೇವು ಅಂದ್ಲು, ನೀ ಒಪ್ಪಿಕೊಂಡಿ. ನನಗೂ ಅದಽ ಅಂದ್ಲು. ನಾನೂ ಒಪ್ಪಿಕೊಂಡೆ."

ಲಗ್ನ ಆಯಿತು. ಅಕ್ಷತೆ ಬಿದ್ದ ಮೇಲೆ ಪಲ್ಸರ್ ಗಾಡಿಗೆ ಹೂವಿನ ಹಾರ ಹಾಕಿ ಮಂಟಪದ ಮುಂದೆ ನಿಲ್ಲಿಸಿದ್ದರು. ಮದುಮಗ ಅದರ ಮೇಲೆ ಕೂತು ಫೋಟೋ ತೆಗೆಸಿಕೊಂಡ; ಬೀಳದಂತೆ ಹಿಂದಿನಿಂದ ಇಬ್ಬರು ಹಿಡಿದಿದ್ದರು. ಓಡಿಸಿಕೊಂಡು ಹೋಗಲು ಬರುವಂತಿರಲಿಲ್ಲ. ಬೀಗರ ಟೆಂಪೋದಲ್ಲಿ ಕಪಾಟು, ಪಾತ್ರೆ, ಹಾಸಿಗೆಗಳ ನಡುವೆ ಅದನ್ನೂ ಎತ್ತಿ, ಮಾರಿದ ಎಮ್ಮೆಯನ್ನು ಕಟ್ಟುವಂತೆ ನಾಲ್ಕೂ ಕಡೆ ಹಗ್ಗ ಬಿಗಿದರು. ಹಗ್ಗ ಬಿಗಿದವನು ಮುತ್ತು.

ಕರಿ ಗಾಡಿ ಮನೆಯಲ್ಲೇ ಉಳಿಯಿತು. "ಇನ್ನ ಅದು ನಿಂದಽ," ಎಂದ ಶಂಕ್ರೆಪ್ಪ. ಹೀಗೆ ಮುತ್ತುವಿಗೆ ಅವನ ಮೊದಲ ಗಾಡಿ ಸಿಕ್ಕಿತು. ಅವನು ಅದನ್ನು ಗ್ಯಾರೇಜಿಗೆ ಹೋಗಲು ಒಯ್ಯಲಿಲ್ಲ, ಬಸ್ಸಿಗೇ ಹೋದ. ವಾರಕ್ಕೊಮ್ಮೆ ಮಾತ್ರ ಕಾಶಿಬಾಯಿಯನ್ನು ಹಿಂದೆ ಕೂರಿಸಿಕೊಂಡು ದವಾಖಾನೆಗೆ ಪಟ್ಟಿ ಬದಲಿಸಲು ಒಯ್ಯುತ್ತಿದ್ದ. ಅವಳ ಕಾಲು ಕೂಡಿತು, ಆದರೆ ಗಿಡ್ಡಾಯಿತು. ಹಿಮ್ಮಡ ನೆಲಕ್ಕೆ ಮುಟ್ಟುತ್ತಿರಲಿಲ್ಲ. ಕುರಿಗಳನ್ನು ಝಳಕಿ ಕಡೆಯವರಿಗೆ ಮಾರಿದಳು.

"ಛಲೋ ಓಡಸ್ತಿ ಬಿಡೋ," ಎಂದಳು ಒಮ್ಮೆ ದಾರಿಯಲ್ಲಿ. "ತಗ್ಗು ಬಂದದ್ದಽ ಗೊತ್ತಾಗೂದಿಲ್ಲ."

ಮುತ್ತು ಗಾಡಿಯನ್ನು ಇನ್ನಷ್ಟು ಮೆಲ್ಲಗೆ ಮಾಡಿದ.

ಶ್ರಾವಣ ಬಂತು. ನಾಗರ ಪಂಚಮಿಗೆ ಹೊಸ ಮದುಮಗಳನ್ನು ತವರಿಗೆ ಕರೆತರಲು ಒಡಹುಟ್ಟಿದವನೇ ಹೋಗಬೇಕು. ಮುತ್ತು ಕರಿ ಗಾಡಿ ಒರೆಸಿ, ಸೀಟಿನ ಮೇಲೆ ಮಡಿಸಿದ ಕೌದಿ ಹಾಕಿ ಸಿಂದಗಿಗೆ ಹೊರಟ.

ಅಲ್ಲಿ ಪಲ್ಸರ್ ಗಾಡಿ ಮನೆಯ ಪಕ್ಕದ ತಗಡಿನ ಕೆಳಗೆ ನಿಂತಿತ್ತು. ಕೈ ಸುಮ್ಮನಿರದೆ ಮುತ್ತು ಹತ್ತಿರ ಹೋದ. ಹಿಂದಿನ ಗಾಲಿಯಲ್ಲಿ ಗಾಳಿ ಇರಲಿಲ್ಲ. ಸೈಲೆನ್ಸರಿನ ಬಾಯಿಗೆ ಜೇಡ ಬಲೆ ಕಟ್ಟಿತ್ತು. ಹ್ಯಾಂಡಲ್ಲಿಗೆ ಲಗ್ನದ ಹಾರದ ದಾರ ಇನ್ನೂ ಸುತ್ತಿಕೊಂಡಿತ್ತು.

"ಓಡಸ್ತಿಲ್ರೇನ್ರಿ ಮಾವಾ?"

"ನಿಮ್ಮಪ್ಪ ಕೊಟ್ಟಿದ್ದು ಎಂಥಾದ್ದಂತ ನಿನಗಽ ಗೊತ್ತು," ಎಂದ ಶ್ರೀಶೈಲ ಪೇಪರಿನಿಂದ ತಲೆಯೆತ್ತದೆ. "ಚಾಲೂನಽ ಆಗೂದಿಲ್ಲ. ಇವತ್ತಿಗೂ ಬಸ್ಸಿಗಽ ಹೋಗ್ತೇನಿ."

ಸುಜಾತಾ ಚೀಲ ಹಿಡಿದು ಹೊರಗೆ ಬಂದಳು. ತೆಳ್ಳಗಾಗಿದ್ದಳು. ದಾರಿಯುದ್ದಕ್ಕೂ ಕೇಳಿದ್ದಕ್ಕೆ ಮಾತ್ರ ಹೂಂ ಎಂದಳು. ಮನೆಯ ಮುಂದೆ ಇಳಿಯುವಾಗ ಸೀರೆಯ ನಿರಿಗೆ ಸರಿದು ಮೀನಖಂಡದ ಮೇಲಿನ ಸುಟ್ಟ ಗಾಯ ಕಂಡಿತು. ಹಸಿಯಾಗಿತ್ತು. ಕೆಳಗೊಂದು ಹಳೆಯದೂ ಇತ್ತು.

ಹೊನ್ನವ್ವ ರೊಟ್ಟಿ ಬಡಿಯುತ್ತಿದ್ದಳು. ಮಗಳನ್ನು ಹತ್ತಿರ ಕೂರಿಸಿಕೊಂಡು, ಕಾಲು ನೋಡಿ ಕೈ ನಿಲ್ಲಿಸಿದಳು.

"ಇದೇನಬೇ?"

"ಸೈಲೆನ್ಸರ್ ಹತ್ತಿತವ್ವಾ. ಗಾಡಿ ಇಳಿಯೋವಾಗ."

"ಹುಷಾರಿರಬಾರದೇನು?" ಹೊನ್ನವ್ವ ತುಪ್ಪದ ಡಬ್ಬಿಗೆ ಕೈ ಹಾಕಿದಳು. "ಹೊಸ ಗಾಡಿ, ಭಾಳ ಕಾಯ್ತೈತಿ."

"ಆ ಗಾಡಿ ಚಾಲೂನಽ ಆಗಿಲ್ಲವ್ವಾ," ಎಂದ ಮುತ್ತು ಬಾಗಿಲಿನಿಂದ. "ಲಗ್ನ ಆದಾಗಿಂದ ಆಗಿಲ್ಲ. ಸೈಲೆನ್ಸರಿನಾಗ ಜೇಡ ಮನಿ ಕಟ್ಟೈತಿ."

ಸುಜಾತಾ ಸೀರೆ ಕೆಳಗೆ ಎಳೆದುಕೊಂಡಳು. ಹಂಚಿನ ಮೇಲೆ ರೊಟ್ಟಿ ಕರಿಯಾಗಿ ಹೊಗೆಯೆದ್ದಿತು. ಹೊನ್ನವ್ವ ಅದನ್ನು ಕೈಯಲ್ಲೇ ಎತ್ತಿ ನೀರಿನ ಬೋಗುಣಿಗೆ ಎಸೆದಳು.

ಪಂಚಮಿ ಕಳೆಯಿತು. ಉಂಡಿ ಕಟ್ಟಿದರು, ಅಳ್ಳು ಹುರಿದರು, ಹುತ್ತಕ್ಕೆ ಹಾಲೆರೆದು ಬಂದರು. ಜೋಕಾಲಿ ಕಟ್ಟಿದ್ದರು, ಸುಜಾತಾ ಕೂರಲಿಲ್ಲ. ಎರಡು ಸಲ ಫೋನು ಬಂತು: ಯಾವಾಗ ಕಳಿಸುತ್ತೀರಿ? ಶಂಕ್ರೆಪ್ಪ ದಿನ ಹೇಳಿದ. ಆ ದಿನ ಬೆಳಿಗ್ಗೆ ಹೊನ್ನವ್ವ ಉಂಡಿ, ಚಟ್ನಿ ಪುಡಿ, ಕುಪ್ಪಸದ ಖಣ ಎಲ್ಲ ಚೀಲಕ್ಕೆ ತುಂಬಿ ಹೊಸ್ತಿಲ ಮೇಲೆ ಇಟ್ಟಳು.

"ಗಾಡಿ ತಗಿ," ಎಂದ ಶಂಕ್ರೆಪ್ಪ ಮಗನಿಗೆ.

"ಕೆಟ್ಟೈತಿ."

"ನಿನ್ನಿ ಛಲೋ ಇತ್ತಲ್ಲೋ?"

"ಇವತ್ತ ಕೆಟ್ಟೈತಿ. ನಾಳೇನೂ ಕೆಟ್ಟಿರ್ತೈತಿ. ಅಕಿನ್ನ ಆ ಮನಿಗೆ ಒಯ್ಯೂದಂದ್ರ ಯಾವತ್ತೂ ಕೆಟ್ಟಽ ಇರ್ತೈತಿ!"

ಸ್ಪಾರ್ಕ್ ಪ್ಲಗ್ ಮುತ್ತುವಿನ ಪ್ಯಾಂಟಿನ ಕಿಸೆಯಲ್ಲಿತ್ತು. ಕಿಸೆ ಉಬ್ಬಿದ್ದನ್ನು ಶಂಕ್ರೆಪ್ಪ ನೋಡಿದ. ಬೈಯಲಿಲ್ಲ. ಗೂಟದ ರುಮಾಲು ತೆಗೆದು ತಲೆಗೆ ಸುತ್ತಿದ, ಚೀಲ ಎತ್ತಿಕೊಂಡ.

"ಬಸ್ ಐತಿ," ಎಂದ. "ನಡಿಯವ್ವಾ."

ಸುಜಾತಾ ತಾಯಿಯ ಕಡೆ ನೋಡಿದಳು. ಮುತ್ತುವೂ ನೋಡಿದ. ಹೊನ್ನವ್ವ ಹೊಸ್ತಿಲ ಒಳಗೆ ನಿಂತಿದ್ದಳು. ಅವಳ ಎರಡೂ ಕೈ ಸೆರಗನ್ನು ಹಿಡಿದವು, ದವಾಖಾನೆಯಲ್ಲಿ ಹಿಡಿದ ಹಾಗೆಯೇ. ಗಂಡನ ಮುಂದೆ ಒಡ್ಡುತ್ತಾಳೆ ಎಂದುಕೊಂಡ ಮುತ್ತು.

ಹೊನ್ನವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅದನ್ನೇ ತಲೆ ತುಂಬ ಹೊದ್ದು ಒಳಗೆ ಹೋದಳು. ಬಸ್ ಸ್ಟ್ಯಾಂಡಿನ ಕಡೆಯಿಂದ ಹಾರ್ನ್ ಕೇಳಿಸಿತು.